ಎಳೆಯರಿಗೆ ಕರುಣೆಯ ಪಾಠ: ಋತುವೇ ಪಠ್ಯ, ಅಂಗಳವೇ ಶಾಲೆ

ರಾಂಪುರ (ಮೊಳಕಾಲ್ಮುರು ತಾಲ್ಲೂಕು): ಮನೆಗೆ ಬಂದ ನೆಂಟರು ಮಗುವಿನ ಕೈಗೆ ಬಿಸ್ಕತ್ತಿನ ಪೊಟ್ಟಣ ಇಡುತ್ತಾರೆ. ತಾಯಿ ತಕ್ಷಣವೇ ‘ಥ್ಯಾಂಕ್ಸ್ ಹೇಳು ಪುಟ್ಟಾ’ ಎನ್ನುತ್ತಾಳೆ. ಎರಡೂವರೆ ವರ್ಷದ ಮಗು ಪೊಟ್ಟಣವನ್ನು ಎದೆಗವಚಿಕೊಂಡು ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಎರಡು ಮೂರು ಸಲ ಒತ್ತಾಯಿಸಿದ ಮೇಲೆ ಆ ಪದವನ್ನು ತೊದಲುತ್ತದೆ. ಹಿರಿಯರು ನಗುತ್ತಾರೆ, ಪಾಠ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ.

ಇಂಥದೇ ಇನ್ನೊಂದು ಮಗು ಕಾರ ಹುಣ್ಣಿಮೆಯ ದಿನ ಅಜ್ಜನ ಕಂಕುಳಲ್ಲಿ ಕುಳಿತು, ಮೈ ತೊಳೆದು ಕೋಡಿಗೆ ಬಣ್ಣ ಬಳಿಸಿಕೊಂಡ ಎತ್ತಿನ ಬಾಯಿಗೆ ಬೆಲ್ಲದ ಚೂರು ಹಿಡಿಯುತ್ತದೆ. ಎತ್ತಿನ ನಾಲಿಗೆ ಅಂಗೈಗೆ ತಾಗಿದೊಡನೆ ಕಿಲಕಿಲನೆ ನಗುತ್ತದೆ. ‘ವರ್ಷವೆಲ್ಲ ನಮಗಾಗಿ ದುಡಿದಿದೆ, ಇವತ್ತು ಅದರ ಹಬ್ಬ’ ಎಂದು ಅಜ್ಜ ಹೇಳುತ್ತಾನೆ. ಇಲ್ಲಿ ಧನ್ಯವಾದ ಎಂಬ ಪದದ ಸುಳಿವೇ ಇಲ್ಲ. ಆದರೂ ಕೃತಜ್ಞತೆಯ ಪಾಠ ಈ ಎರಡರಲ್ಲಿ ಯಾವುದರಲ್ಲಿ ಹೆಚ್ಚಾಗಿದೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ನೆನೆಯುವ ಪೋಷಕರು ಇಂದು ಮಕ್ಕಳಿಗೆ ದಯೆ, ಕೃತಜ್ಞತೆ ಕಲಿಸಲು ಚಿತ್ರಪುಸ್ತಕ, ಮೊಬೈಲ್ ವಿಡಿಯೊಗಳ ಮೊರೆ ಹೋಗುತ್ತಿದ್ದಾರೆ. ಆದರೆ ಋತುಮಾನಕ್ಕೆ ತಕ್ಕಂತೆ ಮಗುವಿನ ಕೈಗೆ ಒಂದೊಂದು ಪುಟ್ಟ ಕೆಲಸ ಒಪ್ಪಿಸುವ ಕ್ರಮ ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದಲೂ ಇದೆ. ಆಂಧ್ರಪ್ರದೇಶದ ಗಡಿಗೆ ಸಮೀಪದ, ಕನ್ನಡದ ಜೊತೆ ತೆಲುಗೂ ಕೇಳಿಬರುವ, ಮಳೆಯನ್ನು ಎಣಿಸಿ ಬದುಕುವ ರಾಂಪುರದ ಸೀಮೆ ಇದಕ್ಕೆ ಉತ್ತಮ ಉದಾಹರಣೆ.

ಎರಡು ವರ್ಷಕ್ಕೆ ಏನು ತಿಳಿದೀತು?

ಇಷ್ಟು ಚಿಕ್ಕ ಮಕ್ಕಳಿಗೆ ದಯೆಯ ಅರ್ಥ ತಿಳಿಯುವುದೇ ಎಂಬ ಸಂದೇಹ ಸಹಜ. ಕಳೆದ ಎರಡು ದಶಕಗಳ ಸಂಶೋಧನೆಗಳು ಇದಕ್ಕೆ ಸಕಾರಾತ್ಮಕ ಉತ್ತರ ನೀಡಿವೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿನೆಂಟು ತಿಂಗಳ 24 ಮಕ್ಕಳು ಭಾಗವಹಿಸಿದ್ದರು. ಅಪರಿಚಿತ ವ್ಯಕ್ತಿಯೊಬ್ಬರು ಬಟ್ಟೆ ಒಣಹಾಕುವಾಗ ಕ್ಲಿಪ್ ಕೆಳಗೆ ಬೀಳಿಸಿ, ಅದು ಕೈಗೆ ಎಟುಕದೆ ಪರದಾಡುವಂಥ ಸನ್ನಿವೇಶಗಳನ್ನು ಮಕ್ಕಳ ಮುಂದೆ ಒಡ್ಡಲಾಯಿತು. ಯಾರೂ ಹೇಳದಿದ್ದರೂ 24ರ ಪೈಕಿ 22 ಮಕ್ಕಳು ಕನಿಷ್ಠ ಒಂದು ಸನ್ನಿವೇಶದಲ್ಲಿ ನೆರವಿಗೆ ಬಂದವು.

ಕೆನಡಾದ ವ್ಯಾಂಕೂವರ್‌ನಲ್ಲಿ ಲಾರಾ ಅಕ್ನಿನ್ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯಕರ. ಎರಡು ವರ್ಷ ತುಂಬದ ಮಕ್ಕಳು ತಿನಿಸು ಪಡೆದಾಗಿಗಿಂತ ಅದನ್ನು ಇನ್ನೊಬ್ಬರಿಗೆ ಕೊಟ್ಟಾಗ ಹೆಚ್ಚು ಹರ್ಷಗೊಂಡವು. ಅದರಲ್ಲೂ ತಮ್ಮದೇ ಬಟ್ಟಲಿನಿಂದ ತೆಗೆದು ಕೊಟ್ಟಾಗ ಆ ಹರ್ಷ ಮತ್ತಷ್ಟು ಹೆಚ್ಚಿತ್ತು. ಕೊಡುವ ಸುಖ ಮಗುವಿಗೆ ಹೊಸದಲ್ಲ ಎಂಬುದನ್ನು ಇದು ತೋರಿಸುತ್ತದೆ. ಹಿರಿಯರ ಹೊಣೆಯೇನಿದ್ದರೂ ಅದಕ್ಕೆ ಅವಕಾಶ ಒದಗಿಸುವುದು, ಅದನ್ನು ಕೆಡಿಸದಿರುವುದು.

ಕೃತಜ್ಞತೆಯ ಮಾತು ಸ್ವಲ್ಪ ಬೇರೆ. ಬೇರೊಬ್ಬರು ತಮ್ಮ ಶ್ರಮ ವ್ಯಯಿಸಿ ನನಗೆ ಒಳಿತು ಮಾಡಿದರು ಎಂದು ತಿಳಿಯಲು ಇನ್ನೊಬ್ಬರ ಮನಸ್ಸನ್ನು ಊಹಿಸುವ ಶಕ್ತಿ ಬೇಕು. ಅದು ನಿಧಾನವಾಗಿ ಬೆಳೆಯುವಂಥದು. ಮೂರನೆಯ ವಯಸ್ಸಿನಲ್ಲಿ ಭಾವನೆಗಳನ್ನು ಚೆನ್ನಾಗಿ ಗುರುತಿಸಬಲ್ಲ ಮಕ್ಕಳು ಐದನೆಯ ವಯಸ್ಸಿಗೆ ಕೃತಜ್ಞತೆಯನ್ನು ಹೆಚ್ಚು ಅರ್ಥ ಮಾಡಿಕೊಳ್ಳುತ್ತಾರೆಂದು ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಆದ್ದರಿಂದ ಎರಡು ವರ್ಷದ ಮಗು ‘ಥ್ಯಾಂಕ್ಸ್’ ಹೇಳಲಿಲ್ಲವೆಂದು ಗದರುವುದರಲ್ಲಿ ಅರ್ಥವಿಲ್ಲ. ‘ಎತ್ತಿಗೆ ಹಸಿವಾಗಿದೆಯೇ?’, ‘ಅಜ್ಜಿಗೆ ಕಾಲು ನೋಯುತ್ತಿದೆಯೇ?’ ಎಂದು ಕೇಳಿ ಮಗುವಿನಿಂದಲೇ ಉತ್ತರ ಹೊರಡಿಸುವುದು ಫಲಕಾರಿ. ಚಿತ್ರಪುಸ್ತಕ ನೋಡುವಾಗ ಅದರಲ್ಲಿರುವವರ ಭಾವನೆಯನ್ನು ತಾವೇ ಹೇಳಿಬಿಡದೆ ಮಗುವಿನಿಂದ ಹೇಳಿಸುವ ಪೋಷಕರ ಮಕ್ಕಳು ಹಂಚಿಕೊಳ್ಳುವುದರಲ್ಲಿ ಮುಂದಿರುತ್ತಾರೆಂದು ಸೆಲಿಯಾ ಬ್ರೌನೆಲ್ ಮತ್ತು ಸಂಗಡಿಗರು ಅದೇ ವರ್ಷ ವರದಿ ಮಾಡಿದ್ದರು.

ಬಂಡೆಯ ಮೇಲಿನ ಪಟ್ಟಿ

ಈ ಪಾಠಕ್ಕೆ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬಹಳ ಹಳೆಯ ಸಾಕ್ಷಿಯೊಂದಿದೆ. ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಕಿರುಬಂಡೆ ಶಾಸನಗಳಿವೆ. ಕ್ರಿ.ಪೂ. ಮೂರನೆಯ ಶತಮಾನದ, ಪ್ರಾಕೃತ ಭಾಷೆಯ ಈ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. ಬ್ರಹ್ಮಗಿರಿಯ ಬಂಡೆಯ ಮೇಲೆ ಅರಸ ತನ್ನ ಜನರಿಗೆ ಹೇಳುವ ಕರ್ತವ್ಯಗಳು ಹೀಗಿವೆ: ತಂದೆ ತಾಯಿಯರ ಮಾತು ಕೇಳುವುದು, ಜೀವಿಗಳ ಬಗ್ಗೆ ದಯೆ, ಸತ್ಯವನ್ನು ನುಡಿಯುವುದು, ಗುರುವಿಗೆ ಶಿಷ್ಯನ ಗೌರವ, ಬಂಧುಗಳೊಡನೆ ಯೋಗ್ಯ ನಡತೆ.

ಮನೆ, ಪ್ರಾಣಿ, ಶಾಲೆ, ನೆಂಟರು. ಸಣ್ಣ ಮಗುವಿನ ಲೋಕವೂ ಬಹುಮಟ್ಟಿಗೆ ಇಷ್ಟೇ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರವೂ ಪಟ್ಟಿ ಬದಲಾಗಿಲ್ಲ. ಆದರೆ ಬಂಡೆಯ ಮೇಲೆ ಬರೆದದ್ದನ್ನು ಮಗು ಓದಲಾರದು; ಅದಕ್ಕೆ ಹಬ್ಬ, ಹೊಲ, ಅಂಗಳಗಳೇ ಓಲೆಗರಿ.

ಬೇಸಿಗೆ: ಒಂದು ಬೋಗುಣಿ ನೀರು

ಯುಗಾದಿಯ ಬೇವು ಬೆಲ್ಲದೊಂದಿಗೆ ಇಲ್ಲಿ ಬಿಸಿಲೂ ಏರುತ್ತದೆ. ಹಳ್ಳ ಕೆರೆಗಳು ಬತ್ತುವ ಈ ಕಾಲದಲ್ಲಿ ಮಗುವಿಗೆ ಒಪ್ಪಿಸಬಹುದಾದ ಕೆಲಸವೆಂದರೆ ಹಕ್ಕಿಗಳಿಗೆ ನೀರಿಡುವುದು. ಅಗಲವಾದ, ಆಳವಿಲ್ಲದ ಮಣ್ಣಿನ ಬೋಗುಣಿಗೆ ಮಗು ತನ್ನದೇ ಲೋಟದಿಂದ ನೀರು ಸುರಿಯಲಿ. ಅರ್ಧ ನೀರು ನೆಲಕ್ಕೆ ಚೆಲ್ಲಿದರೂ ಚಿಂತೆಯಿಲ್ಲ. ಗುಬ್ಬಿಯೋ ಮೈನಾ ಹಕ್ಕಿಯೋ ಬಂದು ಕುಡಿಯುವುದನ್ನು ದೂರ ಕುಳಿತು ನೋಡುವುದೇ ಈ ಚಟುವಟಿಕೆಯ ಮುಖ್ಯ ಭಾಗ. ತಾನು ಮಾಡಿದ್ದರಿಂದ ಇನ್ನೊಂದು ಜೀವಕ್ಕೆ ಏನಾಯಿತು ಎಂಬುದು ಮಗುವಿನ ಕಣ್ಣಿಗೆ ಬೀಳುವುದು ಆಗಲೇ.

ನೀರನ್ನು ದಿನವೂ ಬದಲಿಸಬೇಕು, ಇಲ್ಲವಾದರೆ ಸೊಳ್ಳೆಗಳ ತಾಣವಾದೀತು. ಬಕೆಟ್, ತೊಟ್ಟಿಗಳ ಬಳಿ ಎಳೆಯ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಸ್ವಲ್ಪವೇ ನೀರೂ ಅಪಾಯಕಾರಿ.

ಈ ಸೀಮೆಯ ಮ್ಯಾಸಬೇಡ ಸಮುದಾಯದವರ ‘ದೇವರ ಎತ್ತು’ಗಳ ಸಂಪ್ರದಾಯವೂ ಇಲ್ಲಿ ನೆನೆಯತಕ್ಕದ್ದು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ದೇವರ ಹೆಸರಿನಲ್ಲಿ ಸಾಕುವ ಈ ರಾಸುಗಳನ್ನು ನೇಗಿಲಿಗೆ ಹೂಡುವುದಿಲ್ಲ. ಕಿಲಾರಿಗಳು ಅವುಗಳನ್ನು ಕಾಯುತ್ತಾರೆ. ಬರ ಬಂದಾಗ ಅವುಗಳ ಮೇವು ಹೊಂದಿಸುವುದೇ ದೊಡ್ಡ ಚಿಂತೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಬಯಲುಸೀಮೆಯ ಈ ಭಾಗಕ್ಕಂತೂ ಬರ ಹೊಸದಲ್ಲ. ದುಡಿಸಿಕೊಳ್ಳದ ಜೀವಕ್ಕೂ ಒಂದು ಹಿಡಿ ಹುಲ್ಲು ಸಲ್ಲಬೇಕೆಂಬುದನ್ನು ಮಗು ಇಲ್ಲಿ ಮಾತಿಲ್ಲದೆ ಕಲಿಯುತ್ತದೆ.

ಮುಂಗಾರು: ಎತ್ತು, ಮಣ್ಣೆತ್ತು

ಕಾರ ಹುಣ್ಣಿಮೆಯಂದು ಜೀವಂತ ಎತ್ತಿಗೆ ಪೂಜೆಯಾದರೆ, ಅದರ ಬೆನ್ನಿಗೆ ಬರುವ ಅಮಾವಾಸ್ಯೆಯಂದು ಮಣ್ಣಿನ ಎತ್ತು ಮಾಡಿ ಪೂಜಿಸುವ ರೂಢಿ ಉತ್ತರ ಕರ್ನಾಟಕ ಮತ್ತು ಬಯಲುಸೀಮೆಯ ಹಲವು ಕಡೆ ಇದೆ. ಬಿತ್ತನೆಯ ಹೊತ್ತಿನಲ್ಲಿ ಮಣ್ಣಿಗೂ ಎತ್ತಿಗೂ ಋಣ ಸಲ್ಲಿಸುವ ಹಬ್ಬವಿದು. ಇಂದು ಹಲವೆಡೆ ಟ್ರ್ಯಾಕ್ಟರ್ ಬಂದು ಹಟ್ಟಿಗಳು ಬರಿದಾಗಿವೆ. ಎತ್ತನ್ನು ಹತ್ತಿರದಿಂದ ನೋಡದ ಮಕ್ಕಳು ಹಳ್ಳಿಯಲ್ಲೂ ಇದ್ದಾರೆ. ಆದರೆ ಮಣ್ಣೆತ್ತಿಗೆ ಹಟ್ಟಿ ಬೇಕಿಲ್ಲ, ಒಂದು ಮುದ್ದೆ ಜೇಡಿಮಣ್ಣು ಸಾಕು.

ಎರಡು ವರ್ಷದ ಮಗು ಮಾಡಿದ ಎತ್ತಿಗೆ ಕೋಡು ಇರಲಾರದು, ಕಾಲು ಮೂರೇ ಇದ್ದೀತು. ಅದನ್ನು ತಿದ್ದಿ ಚಂದ ಮಾಡುವ ಆಸೆಯನ್ನು ಹಿರಿಯರು ಅದುಮಿಟ್ಟುಕೊಳ್ಳಬೇಕು. ಆ ಎತ್ತೇ ಜಗಲಿಯ ಮೇಲೆ ಕೂರಲಿ. ‘ನಮ್ಮ ರೊಟ್ಟಿಯ ಜೋಳ ಎಲ್ಲಿಂದ ಬಂತು?’ ಎಂಬ ಪ್ರಶ್ನೆಗೆ ಇದು ಒಳ್ಳೆಯ ಸಂದರ್ಭ. ಮಣ್ಣು, ಮಳೆ, ಎತ್ತು, ಉಳುವವರು, ಬೀಸುವವರು, ತಟ್ಟುವವರು ಎಂದು ಒಬ್ಬೊಬ್ಬರನ್ನೇ ಹೆಸರಿಸುತ್ತಾ ಹೋದರೆ ಮಗುವಿಗೆ ಅದೊಂದು ಕಥೆ. ಕೃತಜ್ಞತೆಗೆ ಅದೇ ಬುನಾದಿ.

ಸುಗ್ಗಿ: ಬನ್ನಿ, ಶೇಂಗಾ, ಎಳ್ಳು ಬೆಲ್ಲ

ಚಳ್ಳಕೆರೆ ‘ಎಣ್ಣೆ ನಗರಿ’ ಎನಿಸಿಕೊಂಡದ್ದು ಸುತ್ತಲ ಹೊಲಗಳ ಶೇಂಗಾದಿಂದ. ಗಿಡ ಕಿತ್ತು ಕಾಯಿ ಬಿಡಿಸುವ ದಿನಗಳಲ್ಲಿ ಮಕ್ಕಳಿಗೂ ಒಂದು ಪಾಲು ಕೆಲಸವಿರುತ್ತದೆ. ಬಿಡಿಸಿದ ಕಾಯಿಯನ್ನು ಪುಟ್ಟ ಬುಟ್ಟಿಯಲ್ಲಿಟ್ಟುಕೊಂಡು ಅಜ್ಜಿಗೆ, ಪಕ್ಕದ ಮನೆಯವರಿಗೆ, ಕೆಲಸಕ್ಕೆ ಬಂದ ಕೂಲಿಯವರಿಗೆ ಒಂದೊಂದು ಹಿಡಿ ಕೊಡಿಸುವುದು ಮೂರು ವರ್ಷದ ಮಗುವಿಗೆ ಹೇಳಿ ಮಾಡಿಸಿದ ಚಟುವಟಿಕೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಶೇಂಗಾ ಬೀಜ ತಿನ್ನಲು ಕೊಡಬಾರದು. ಅದು ಗಂಟಲಿನಲ್ಲಿ ಅಥವಾ ಶ್ವಾಸನಾಳದಲ್ಲಿ ಸಿಕ್ಕಿಕೊಂಡು ಪ್ರಾಣಾಪಾಯ ಉಂಟಾಗಬಹುದು. ಸಂಕ್ರಾಂತಿಯ ಎಳ್ಳು ಬೆಲ್ಲದಲ್ಲಿ ಬೆರೆಸುವ ಶೇಂಗಾ, ಕೊಬ್ಬರಿ ಚೂರು, ಸಕ್ಕರೆ ಅಚ್ಚುಗಳಿಗೂ ಇದು ಅನ್ವಯಿಸುತ್ತದೆ. ಹಂಚುವ ಕೆಲಸ ಮಗುವಿನದಾಗಲಿ. ಮಗುವಿನ ಬಾಯಿಗೆ ಪುಡಿ ಮಾಡಿದ್ದು ಬೀಳಲಿ.

ವಿಜಯದಶಮಿಯ ಬನ್ನಿ ವಿನಿಮಯಕ್ಕೆ ಹಣ ಬೇಡ, ಅಂಗಡಿ ಬೇಡ. ನಾಲ್ಕು ಎಲೆ ಹಿಡಿದು ಮಗು ಹಿರಿಯರ ಮುಂದೆ ನಿಲ್ಲುತ್ತದೆ. ಮಾತು ಬಿಟ್ಟಿದ್ದವರೂ ಅಂದು ಬನ್ನಿ ಕೊಟ್ಟು ತೆಗೆದುಕೊಂಡು ಮನಸ್ತಾಪ ಮರೆಯುತ್ತಾರೆ. ದೊಡ್ಡವರು ಕೂಡ ಜಗಳ ಮರೆಯಬಲ್ಲರು ಎಂಬುದನ್ನು ಮಗು ಕಣ್ಣಾರೆ ಕಾಣುವ ದಿನವಿದು.

ಕೊಡುವುದರ ಬಗ್ಗೆ ಈ ಸೀಮೆಗೆ ತನ್ನದೇ ನುಡಿಯೊಂದಿದೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳದೆಂದು ಜನಜನಿತವಾದ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಅದು. ಕೈಲಾದಷ್ಟು ಮಾಡಿ, ಅದಕ್ಕೆ ತಕ್ಕಷ್ಟು ಪಡೆ ಎಂಬ ಈ ಅಳತೆ ಎಳೆಯರಿಗೂ ಒಪ್ಪುತ್ತದೆ.

ಬಹುಮಾನ ಬೇಡ, ಫೋಟೊ ಬೇಡ

ಮಗು ಒಳ್ಳೆಯ ಕೆಲಸ ಮಾಡಿದಾಗ ಚಾಕೊಲೇಟು ಕೊಡುವುದು ಇಂದಿನ ರೂಢಿ. ಆದರೆ ವಾರ್ನೆಕೆನ್ ಮತ್ತು ಟೊಮಸೆಲ್ಲೊ 2008ರಲ್ಲಿ ಇಪ್ಪತ್ತು ತಿಂಗಳ ಮಕ್ಕಳ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ ಬೇರೆಯೇ ಇತ್ತು. ನೆರವಾದುದಕ್ಕೆ ವಸ್ತುರೂಪದ ಬಹುಮಾನ ಪಡೆದ ಮಕ್ಕಳು ಆನಂತರ ನೆರವಾಗುವುದನ್ನು ಕಡಿಮೆ ಮಾಡಿದರು. ಬರಿಯ ಮೆಚ್ಚುಗೆಯ ಮಾತು ಕೇಳಿದ ಅಥವಾ ಏನನ್ನೂ ಪಡೆಯದ ಮಕ್ಕಳಲ್ಲಿ ಹಾಗಾಗಲಿಲ್ಲ. ಸಹಜವಾಗಿ ಹರಿಯುವ ಕರುಣೆಗೆ ಬೆಲೆ ಕಟ್ಟಿದರೆ ಅದು ವ್ಯಾಪಾರವಾಗುತ್ತದೆ.

ಹಕ್ಕಿಗೆ ನೀರಿಡುವ ಮಗುವನ್ನು ನಿಲ್ಲಿಸಿ, ಮೊಬೈಲ್‌ನತ್ತ ನಗಲು ಹೇಳುವುದರಿಂದಲೂ ಇದೇ ಬಗೆಯ ಹಾನಿಯಾಗುವ ಸಾಧ್ಯತೆಯಿದೆ. ಮಗುವಿನ ಕಣ್ಣು ಹಕ್ಕಿಯನ್ನು ಬಿಟ್ಟು ಕ್ಯಾಮೆರಾದತ್ತ ತಿರುಗುತ್ತದೆ. ಹಾಗೆಯೇ, ‘ನಂದು’ ಎಂದು ಹಟ ಹಿಡಿದ ಮಗುವಿನ ನೆಚ್ಚಿನ ಆಟಿಕೆಯನ್ನು ಕಿತ್ತು ಬೇರೆ ಮಗುವಿಗೆ ಕೊಟ್ಟರೆ ಅದು ಔದಾರ್ಯ ಕಲಿಯದು, ಕಿತ್ತುಕೊಳ್ಳುವುದನ್ನು ಕಲಿತೀತು.

ಕೃತಜ್ಞತೆ ಬೇರೆ, ದೈನ್ಯ ಬೇರೆ

ಮನೆಯಲ್ಲಿ ಶುರುವಾದ ಈ ಪಾಠ ಹಳ್ಳಿಗಳಲ್ಲಿ ಮುಂದುವರಿಯುವುದು ಅಂಗನವಾಡಿಯಲ್ಲಿ. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಕೆಲಸ ಆರಂಭಿಸಿದ ತಾರಾಬಾಯಿ ಮೋಡಕ್ ಮತ್ತು ಅವರ ಸಹವರ್ತಿ ಅನುತಾಯಿ ವಾಘ್, ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂದು ಹೊರಟವರು. ಎಲೆ, ಕಲ್ಲು, ಬೀಜಗಳೇ ಅವರಲ್ಲಿ ಕಲಿಕೆಯ ಸಾಮಗ್ರಿ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. 2024ರಲ್ಲಿ ಕೇಂದ್ರ ಸರ್ಕಾರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ‘ನವಚೇತನ’, 3ರಿಂದ 6 ವರ್ಷದವರಿಗಾಗಿ ‘ಆಧಾರಶಿಲಾ’ ಎಂಬ ಚೌಕಟ್ಟುಗಳನ್ನು ಹೊರತಂದಿತು. ಆಟ ಮತ್ತು ಪರಿಸರದ ಮೂಲಕ ಕಲಿಕೆ ಎಂಬುದೇ ಇವುಗಳ ಒಳತಿರುಳು.

ಆದರೆ ಬಡವರ ಮಕ್ಕಳಿಗೆ ಕೃತಜ್ಞತೆ ಕಲಿಸುವಾಗ ಒಂದು ಸೂಕ್ಷ್ಮವನ್ನು ಮರೆಯಬಾರದು. ಕೂಲಿ ಅರಸಿ ತಂದೆ ತಾಯಿ ಗುಳೆ ಹೋಗುವ, ಅಜ್ಜಿಯ ಆಸರೆಯಲ್ಲಿ ಬೆಳೆಯುವ ಮಕ್ಕಳು ಈ ಸೀಮೆಯಲ್ಲಿದ್ದಾರೆ. ಅಂಗನವಾಡಿಯ ಊಟ, ಮೊಟ್ಟೆ, 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ಯಾರದೋ ಕೃಪೆಯೆಂದು ಅವರಿಗೆ ಹೇಳಿಕೊಡುವುದು ತಪ್ಪು. ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯ ಮೂಲಕ ಉಚಿತ ಆಹಾರ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಅವರ ಹಕ್ಕು. ಹಕ್ಕಿಗಾಗಿ ಕೈಮುಗಿದು ನಿಲ್ಲಬೇಕಿಲ್ಲ.

ಹಾಗಾದರೆ ಮಗು ನೆನೆಯಬೇಕಾದದ್ದು ಯಾರನ್ನು? ಬೆಳಗ್ಗೆ ಬಂದು ಒಲೆ ಹಚ್ಚಿದ ಸಹಾಯಕಿಯನ್ನು, ಮೂಗು ಒರೆಸಿದ ಕಾರ್ಯಕರ್ತೆಯನ್ನು, ಹಾಲು ಕೊಟ್ಟ ಹಸುವನ್ನು, ಕಾಳು ಬೆಳೆದ ರೈತರನ್ನು. ಊಟವಾದ ಮೇಲೆ ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋಗಿ ಇಡುವುದು ಸಹಾಯಕಿಗೆ ಮಗು ಸಲ್ಲಿಸಬಹುದಾದ ಅತ್ಯುತ್ತಮ ವಂದನೆ. ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು, ಯಾರೇ ಅಡುಗೆ ಮಾಡಿದರೂ ಅದನ್ನು ಉಣ್ಣುವುದು ಅದಕ್ಕಿಂತ ದೊಡ್ಡ ಪಾಠ. ‘ಅವರ ಮನೆಗೆ ಎಳ್ಳು ಬೆಲ್ಲ ಬೇಡ’ ಎಂದು ಹಿರಿಯರೊಬ್ಬರು ಪಿಸುಗುಟ್ಟಿದರೆ ವರ್ಷವಿಡೀ ಕಲಿಸಿದ ಕರುಣೆ ಅಲ್ಲಿಗೆ ಸೋರಿಹೋಗುತ್ತದೆ. ಮಕ್ಕಳು ಹೇಳಿದ್ದನ್ನು ಮರೆಯುತ್ತಾರೆ, ಕಂಡದ್ದನ್ನು ಮರೆಯುವುದಿಲ್ಲ.

ನಗರದ ಮನೆಗಳಲ್ಲಿ

ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಫ್ಲ್ಯಾಟುಗಳಲ್ಲಿ ಎತ್ತು ಇಲ್ಲ, ಹೊಲ ಇಲ್ಲ. ಆದರೂ ಋತುಗಳು ಅಲ್ಲಿಗೂ ಬರುತ್ತವೆ. ಪೋಷಕರು ಅನುಸರಿಸಬಹುದಾದ ಕೆಲವು ಸರಳ ಕ್ರಮಗಳು ಇಂತಿವೆ:

* ಬೇಸಿಗೆಯಲ್ಲಿ ಬಾಲ್ಕನಿಯ ಬೋಗುಣಿಗೆ ನೀರು ಹಾಕುವ ಹೊಣೆ ಮಗುವಿಗಿರಲಿ. ಕೆಲಸದವರಿಗೆ, ಕಾವಲುಗಾರರಿಗೆ ಮಜ್ಜಿಗೆ ಕೊಡುವಾಗ ಲೋಟವನ್ನು ಮಗುವೂ ಹಿಡಿಯಲಿ. ಮನೆಯವರು ಕುಡಿಯುವ ಲೋಟವೇ ಅದಾಗಿರಲಿ.

* ಮಳೆಗಾಲದಲ್ಲಿ ಕುಂಡದಲ್ಲಿ ನಾಲ್ಕು ಮೆಂತ್ಯದ ಕಾಳು ಊರಿಸಿ. ವಾರದೊಳಗೆ ಮೊಳಕೆ ಕಾಣುವುದರಿಂದ ಮಗುವಿನ ಕುತೂಹಲ ಬಾಡುವುದಿಲ್ಲ.

* ಸೆಪ್ಟೆಂಬರ್ 23 ರಾಜ್ಯದಲ್ಲಿ ಪೌರಕಾರ್ಮಿಕರ ದಿನ. ಬೀದಿ ಗುಡಿಸುವವರನ್ನು ಅಕ್ಕ, ಅಣ್ಣ ಎಂದು ಕರೆದು ಮಾತನಾಡಿಸುವುದನ್ನು ಅಂದಿನಿಂದ ರೂಢಿಸಿ. ಹಸಿ ಕಸ, ಒಣ ಕಸ ಬೇರ್ಪಡಿಸುವಾಗ ಮಗುವನ್ನು ಜೊತೆಗಿರಿಸಿಕೊಳ್ಳಿ. ಇನ್ನೊಬ್ಬರ ಕೈ ಕೊಳೆಯಾಗದಿರಲೆಂದು ಹೀಗೆ ಮಾಡುತ್ತೇವೆಂದು ತಿಳಿಸಿ.

* ಚಳಿಗಾಲದಲ್ಲಿ ಚಿಕ್ಕದಾದ ಸ್ವೆಟರನ್ನು ಮಗುವಿನ ಕೈಯಲ್ಲೇ ಮಡಿಸಿ, ಅಗತ್ಯವಿರುವ ಮಗುವಿಗೆ ಕೊಡಿ. ಹರಿದದ್ದನ್ನು ಕೊಡಬೇಡಿ.

* ಒಂದು ಋತುವಿಗೆ ಒಂದೇ ಕೆಲಸ ಸಾಕು. ಅದನ್ನು ದಿನವೂ ಮಾಡುವುದು ಮುಖ್ಯ.

ಕನ್ನಡದ ಮನೆಗಳಲ್ಲಿ ತಾಯಿಗೆ, ಅಜ್ಜಿಗೆ ಬಾಯಿಬಿಟ್ಟು ಧನ್ಯವಾದ ಹೇಳುವ ವಾಡಿಕೆ ಕಡಿಮೆ. ‘ಉಂಡ ಮನೆಗೆ ಎರಡು ಬಗೆಯಬಾರದು’ ಎಂಬ ಗಾದೆಯಲ್ಲಿ, ಋಣ ಎಂಬ ಎರಡಕ್ಷರದಲ್ಲಿ ನಮ್ಮ ಕೃತಜ್ಞತೆ ಅಡಗಿದೆ. ಅದು ನಡೆಯಲ್ಲಿ ತೋರಬೇಕಾದ ಗುಣ. ನೆಂಟರ ಮುಂದೆ ಮಗು ‘ಥ್ಯಾಂಕ್ಸ್’ ಹೇಳದೆ ಸೆರಗಿನ ಹಿಂದೆ ಅಡಗಿದರೆ ಪೋಷಕರು ನಾಚಬೇಕಾಗಿಲ್ಲ. ಆ ಮಾತನ್ನು ಮಗುವಿನ ಪರವಾಗಿ ತಾವೇ ಹೇಳಲಿ. ಅನಂತರ ಪೊಟ್ಟಣ ಬಿಚ್ಚಿ, ‘ಮಾವನಿಗೂ ಒಂದು ಕೊಡ್ತೀಯಾ?’ ಎಂದು ಕೇಳಿ ನೋಡಲಿ. ಮಗು ಕೊಟ್ಟರೆ ಸಂತೋಷ. ಕೊಡದಿದ್ದರೆ ನಾಳೆ ಬೆಳಗ್ಗೆ ಹಕ್ಕಿಯ ಬೋಗುಣಿ ಮತ್ತೆ ಖಾಲಿಯಾಗಿರುತ್ತದೆ.